ಹೋಲಿಕೆಗೆ ಬಿಟ್ಟ ಬಾವಿ

ಸೀಸೆಯಮ್ಮನಿಗೆ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು ಎಂದರೆ ಕೋಪಕ್ಕೇ ಅವಮಾನ. ಅದು ಅವಳ ಮುಖದ ತುಂಬ ಸಂಸಾರ ಹೂಡಿತ್ತು. ಹದಿನೈದು ದಿನಕ್ಕೊಮ್ಮೆ ಬಾವಿಗಳ ನೀರನ್ನು ಸೀಸೆಗಳಿಗೆ ತುಂಬಿ, ಚೀಟಿ ಅಂಟಿಸಿ, ಪರೀಕ್ಷೆಗೆ ಕಳಿಸುವುದು ಅವಳ ಕೆಲಸವಾದ್ದರಿಂದ ಆ ಹೆಸರು. ಹುಟ್ಟಿದಾಗ ಇಟ್ಟ ಹೆಸರನ್ನು ಕೇರಿ ಯಾವತ್ತೋ ಮರೆತಿತ್ತು.

ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವಳು ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯಲ್ಲಿ ತೊಟ್ಟಿ ತೊಳೆದವಳು. ಮಾಲೀಕ ಒಂದು ಬೆಳಿಗ್ಗೆ ಬೀಗ ಜಡಿದು ನಾಪತ್ತೆಯಾದ. ತೊಟ್ಟಿಯಲ್ಲಿದ್ದ ಕ್ರೋಮಿಯಂ ಮಾತ್ರ ಎಲ್ಲೂ ಓಡಿಹೋಗದೆ ನೆಲಕ್ಕಿಳಿದು ಸುತ್ತಲ ಬಾವಿಗಳ ನೀರನ್ನೆಲ್ಲ ಹಳದಿ ಮಾಡಿತು. ಸೀಸೆಯಮ್ಮನ ಮನೆಯ ಬಾವಿಯೂ ಹಳದಿಯೇ. ಆ ನೀರಲ್ಲಿ ಪಾತ್ರೆ ತೊಳೆದರೆ ಬೆರಳ ಸಂದಿ ಬಿರಿಯುತ್ತಿತ್ತು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕು; ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಆಗ ಬಂದದ್ದು ಮೇಷ್ಟ್ರ ಕಂಪನಿ. ಕಂಪನಿಯೆಂದರೆ ಕಾಲೇಜಿನ ಕೆಲಸ ಬಿಟ್ಟು ಬಂದ ರಸಾಯನಶಾಸ್ತ್ರದ ಮೇಷ್ಟ್ರು, ಒಂದು ತಗಡಿನ ಶೆಡ್, ಮತ್ತೆ ಈ ಸೀಸೆಯಮ್ಮ, ಅಷ್ಟೇ. ಸಣ್ಣ ಕಂಪನಿಗಳ ಸಂಶೋಧನೆಗೆಂದು ಸರ್ಕಾರ ಕೊಡುವ ನೆರವು ಅವರಿಗೆ ಸಿಕ್ಕಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯ ನೀರನ್ನು ನೆಲಕ್ಕೆ ಇಳಿಸಿದರೆ ಮಣ್ಣಿನ ಸೂಕ್ಷ್ಮಾಣುಗಳು ಆ ಸಿಹಿ ತಿಂದು ಹೆಚ್ಚಿ, ವಿಷದ ಹಲ್ಲು ಕೀಳುತ್ತವೆ ಎಂದು ಮೇಷ್ಟ್ರ ವಾದ. ಅದನ್ನು ಎರಡು ವರ್ಷದಲ್ಲಿ ತೋರಿಸಬೇಕು. ಕಾರ್ಖಾನೆಯ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ತುಂಡು ನೆಲ; ಒಂದಕ್ಕೆ ಕಾಕಂಬಿ ಹುಯ್ಯುವುದು, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಡುವುದು. ವ್ಯತ್ಯಾಸ ಕಂಡರೆ ಮುಂದಿನ ಹಂತ, ಸುತ್ತಲ ಕೇರಿಗಳಿಗೂ ಕಾಕಂಬಿ. ಆ ಹಂತದ ಪಟ್ಟಿಯಲ್ಲಿ ಮೊದಲನೆಯದು ಸೀಸೆಯಮ್ಮನ ಕೇರಿ.

"ಯಾವ ಕಡೆ ಬಿಡೋಣಮ್ಮ? ಜನ ಬಳಸದೇ ಇರೋ ಬಾವಿ ಎಲ್ಲಿದೆ ಹೇಳಿ," ಎಂದರು ಮೇಷ್ಟ್ರು.

ಪೂರ್ವದ ತುಂಡಿನ ಅಂಚಿಗೆ ಅವಳ ಓರಗಿತ್ತಿಯ ಮನೆ; ಆ ತುಂಡಿನ ಬಾವಿಯಿದ್ದದ್ದು ಆ ಮನೆಯ ಹಿತ್ತಿಲಲ್ಲೇ. ಹನ್ನೊಂದು ವರ್ಷದ ಹಿಂದೆ ಅತ್ತೆ ತೀರಿಕೊಂಡ ದಿನ, ಹೆಣದ ಮುಂದೆ, ನೆಂಟರೆಲ್ಲ ಕೇಳುವಂತೆ ಈ ಓರಗಿತ್ತಿ "ದೊಡ್ಡ ಸೊಸೆ ಅನ್ನ ಹಾಕದೆ ಕೊಂದಳು" ಎಂದಿದ್ದಳು. ಎರಡು ವರ್ಷ ಅತ್ತೆಯ ಮಲಮೂತ್ರ ಬಳಿದ ಸೀಸೆಯಮ್ಮ ಆ ಮಾತನ್ನು ಇವತ್ತಿಗೂ ಆರಲು ಬಿಟ್ಟಿರಲಿಲ್ಲ.

"ಪೂರ್ವದ ಕಡೆ ಬಿಡಿ ಮೇಷ್ಟ್ರೇ. ಆ ಬಾವೀನ ಯಾರೂ ಮುಟ್ಟಲ್ಲ," ಎಂದಳು. ಓರಗಿತ್ತಿ ದಿನಾ ಆ ನೀರಲ್ಲೇ ಬಟ್ಟೆ ಒಗೆಯುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಹೊಟ್ಟೆ ತಣ್ಣಗಾಗಿ ಎರಡು ತುತ್ತು ಹೆಚ್ಚೇ ಉಂಡಳು.

ಪಶ್ಚಿಮದ ನೀರು ತಿಂಗಳಿಂದ ತಿಂಗಳಿಗೆ ತಿಳಿಯಾಗತೊಡಗಿದಾಗ ಓರಗಿತ್ತಿ ಶೆಡ್ಡಿನ ಕಾಂಪೌಂಡಿನ ಆಚೆ ನಿಂತು ಗೋಡೆಗೆ ಹೇಳಿದಳು: "ಸರ್ಕಾರದ ಔಷಧಾನೂ ಮನೆ ನೋಡಿ ಹಾಕ್ತಾರೆ ಕೆಲವರು. ಅವರ ಕೈ ಸೇದ್ಹೋಗ!"

ಸೀಸೆಯಮ್ಮ ಕೈಯಲ್ಲಿದ್ದ ಸೀಸೆಗೆ ಹೇಳಿದಳು: "ಕೆಲವರ ನಾಲಗೆಗೆ ಒಂದು ಡ್ರಮ್ ಕಾಕಂಬಿ ಹುಯ್ದರೂ ವಿಷ ಇಳಿಯಲ್ಲ."

ವರ್ಷ ಕಳೆದ ಮೇಲೆ ಪೂರ್ವದ ಬಾವಿಯ ಬಣ್ಣವೂ ತೆಳುವಾಗತೊಡಗಿತು. ಮೊದಲು ಮಳೆಯ ಆಟವೆಂದುಕೊಂಡಳು. ಹದಿನಾರನೇ ತಿಂಗಳಿಗೆ ಹಳದಿಯೇ ಮಾಯ. ಸೀಸೆಯನ್ನು ಮೂಗಿಗೆ ಹಿಡಿದರೆ ಹುಳಿತ ಕಾಕಂಬಿಯ ವಾಸನೆ. ಮರುದಿನ ಊಟಕ್ಕೆ ಹೋದಂತೆ ಮಾಡಿ ಶೆಡ್ಡಿನ ಹಿಂದೆ ಅಡಗಿ ನಿಂತಳು. ಓರಗಿತ್ತಿ ಬಂದಳು, ಕಾಕಂಬಿ ಡ್ರಮ್ಮಿನ ನಲ್ಲಿ ತಿರುಗಿಸಿ ಎರಡು ಡಬ್ಬ ತುಂಬಿಕೊಂಡಳು, ತನ್ನ ಹಿತ್ತಿಲಲ್ಲಿ ಬಾವಿಯ ಸುತ್ತ ತೋಡಿ ತೆಂಗಿನ ಗರಿ ಮುಚ್ಚಿಟ್ಟಿದ್ದ ಗುಂಡಿಗಳಿಗೆ ಸುರಿದಳು.

ಸುದ್ದಿ ಕೇಳಿ ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಎರಡೂ ಕಡೆ ಒಂದೇ ಥರ ಆದ್ರೆ ಕಾಕಂಬಿಯಿಂದ್ಲೇ ಆಯ್ತು ಅಂತ ಯಾರಮ್ಮ ನಂಬ್ತಾರೆ? ಪೂರ್ವದ ಸೀಸೆ ಕಳಿಸೋದೇ ಬೇಡ. ಹಳೇ ಅಂಕಿ ಬರೆದು ಸುಮ್ನಿದ್ದುಬಿಡಿ. ನಿಮ್ಮ ಕೇರಿ ಉದ್ಧಾರ ಆಗುತ್ತೆ."

"ಹಂಗಾದ್ರೆ ಕಳ್ಳಿ ಗೆದ್ದುಬಿಡ್ತಾಳಲ್ಲ!"

"ಗೆಲ್ಲಲಿ ಬಿಡೀಮ್ಮ!"

ಅವಳು ಬಿಡಲಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಆ ಭ್ರಮೆ ಯಾರಿಗೂ ಬೇಡ. ಓರಗಿತ್ತಿಯನ್ನು ಹತ್ತು ಜನರ ಮುಂದೆ ಕಳ್ಳಿ ಎನ್ನಿಸಬೇಕೆಂಬ ಒಂದೇ ಉರಿ. ಪರಿಶೀಲನೆಗೆ ಸರ್ಕಾರದ ಅಧಿಕಾರಿ ಬಂದು ಕೇರಿಯವರೆಲ್ಲ ನೆರೆದಾಗ, ಕಂಡದ್ದನ್ನೆಲ್ಲ ಒದರಿದಳು.

ಓರಗಿತ್ತಿ ಜಗ್ಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಹೌದು ಸ್ವಾಮಿ, ಕದ್ದೆ. ನಾವು ದಿನಾ ಬಳಸೋ ಬಾವೀನ ವಿಷದಲ್ಲೇ ಯಾಕೆ ಬಿಟ್ರು, ಅದನ್ನ ಕೇಳಿ ಮೊದಲು."

ಅಧಿಕಾರಿ ಕಡತ ತಿರುವಿದರು. "ಬಳಕೆಯಲ್ಲಿಲ್ಲದ ಬಾವಿ ಅಂತ ಬರೆದಿದೆಯಲ್ಲ. ಹೀಗಂತ ಹೇಳಿದ್ದು ಯಾರು?"

ಮೇಷ್ಟ್ರ ಮೇಲೆ ಹಾಕಿ ಸೀಸೆಯಮ್ಮ ಜಾರಿಕೊಳ್ಳಬಹುದಿತ್ತು. ಆದರೆ ಓರಗಿತ್ತಿಯ ಬಿರಿದ ಬೆರಳುಗಳು ಕಣ್ಣಿಗೆ ಬಿದ್ದವು, ತನ್ನವುಗಳ ಹಾಗೇ. ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

"ನಾನೇ," ಎಂದಳು. "ಗೊತ್ತಿದ್ದೇ ಹೇಳಿದ್ದು."

ಹೋಲಿಕೆಯೇ ಕೆಟ್ಟಮೇಲೆ ಏನೂ ಸಾಬೀತಾಗಿಲ್ಲವೆಂದು ಪತ್ರ ಬಂತು. ಮುಂದಿನ ಹಂತ ರದ್ದು. "ನಿಮ್ಮಿಬ್ಬರ ಹೊಟ್ಟೆಕಿಚ್ಚಿಗೆ ನನ್ನ ಹತ್ತು ವರ್ಷದ ಸಂಶೋಧನೆ ಸುಟ್ಟುಹೋಯ್ತು," ಎಂದು ಮೇಷ್ಟ್ರು ಉಗಿದು ಶೆಡ್ ಖಾಲಿ ಮಾಡಿದರು. ಕೇರಿಯವರು ಎದುರು ಸಿಕ್ಕರೆ ಮುಖ ತಿರುಗಿಸಿದರು. ಕೊನೆಯ ಪರೀಕ್ಷೆಯ ವರದಿಯಲ್ಲಿ ಪೂರ್ವದ ಬಾವಿಯ ನೀರು ಕುಡಿಯಬಹುದೆಂದಿತ್ತು; ಪಶ್ಚಿಮದ ಬಾವಿಗೆ ಶೆಡ್ಡಿನ ಜೊತೆಗೇ ಬೀಗ ಬಿದ್ದಿತ್ತು.

ಟ್ಯಾಂಕರ್ ನಾಲ್ಕು ದಿನ ಬಾರದಿದ್ದಾಗ ಸೀಸೆಯಮ್ಮ ಕೊಡ ಹಿಡಿದು ಆ ಹಿತ್ತಿಲಿಗೆ ಹೋದಳು. ಬಾವಿಕಟ್ಟೆಯ ಮೇಲೆ ಕೂತಿದ್ದ ಓರಗಿತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಒಂದೇ ಕೊಡ," ಎಂದಳು. "ತುಳುಕಿಸಿದ್ರೆ ನಾಳೆಯಿಂದ ಅದೂ ಇಲ್ಲ."

ಸೀಸೆಯಮ್ಮನಿಗೆ ಉತ್ತರ ಬಾಯಿತನಕ ಬಂದಿತ್ತು. ನುಂಗಿಕೊಂಡು ಹಗ್ಗ ಇಳಿಬಿಟ್ಟಳು.