ಶರಣವ್ವ ಓದಿದ ಸುಳ್ಳು

ನಡೆದದ್ದು ಇಷ್ಟೇ: ಶರಣವ್ವ ನನಗೆ ವರ್ಷಗಟ್ಟಲೆ ಸುಳ್ಳು ಓದಿದಳು. ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟವಳಿಗೆ ಅಂಥವರ ಬರ ಇರುವುದಿಲ್ಲ. ಆದರೆ ಅಚ್ಚಾದ ಪುಸ್ತಕ ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳು ಓಡಿಸುತ್ತ ಸುಳ್ಳು ಓದುವವಳನ್ನು ಕಂಡದ್ದು ಇವಳೊಬ್ಬಳನ್ನೇ.

ನನ್ನ ಶಾಲೆ ಮೂರನೇ ಕ್ಲಾಸಿಗೆ ಮುಗಿದದ್ದು. ಅಕ್ಷರಗಳ ಪರಿಚಯ ಇತ್ತು, ಸಲಿಗೆ ಇರಲಿಲ್ಲ. ದೇವದುರ್ಗದಲ್ಲಿ ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಭಜಿ ಮಾರಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದೆ. ಗಂಡ ಒಂದು ದಿನ ಮೆಣಸಿನಕಾಯಿ ಲಾರಿ ಹತ್ತಿ ಗುಂಟೂರಿಗೆಂದು ಹೋದವನು ತಿರುಗಿ ಬರಲಿಲ್ಲ. ಸತ್ತಿಲ್ಲ, ಅಷ್ಟು ಗೊತ್ತಾಯಿತು. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳಲು ನಾನು ಹೋಗಲಿಲ್ಲ. ಕಾಯುತ್ತ ಕೂತಳು ಎಂದು ಓಣಿಯವರು ನನ್ನ ಬಗ್ಗೆ ಮರುಗುವುದುಂಟು. ಕಾಯುವುದಕ್ಕೆ ಪುರುಸೊತ್ತು ಬೇಕು. ನನಗೆ ಬೆಳಗಾದರೆ ಕಡಲೆಹಿಟ್ಟು ಕಲಸುವುದಿರುತ್ತಿತ್ತು.

ಶರಣವ್ವ ನಮ್ಮ ಓಣಿಯ ಅಂಗನವಾಡಿಯಲ್ಲಿದ್ದಳು. ಮಧ್ಯಾಹ್ನ ಅವಳ ಚಿಳ್ಳೆಪಿಳ್ಳೆಗಳು ಮನೆಗೆ ಹೋಗುವ ಹೊತ್ತಿಗೆ ನನ್ನ ಬಾಣಲೆಯ ಎಣ್ಣೆಯೂ ಆರುತ್ತಿತ್ತು. ಗ್ರಂಥಾಲಯದಿಂದ ಒಂದು ಪುಸ್ತಕ ತಂದು ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ನಾನು ಮರುದಿನದ ಮೆಣಸಿನಕಾಯಿ ಸೀಳುತ್ತ ಕೇಳುತ್ತಿದ್ದೆ. ನನ್ನ ಕೈಯೆಲ್ಲ ಖಾರ, ಕಣ್ಣಿಗೆ ಪೊರೆ. ಪುಸ್ತಕ ಮುಟ್ಟುವ ಮಾತೇ ಇರಲಿಲ್ಲ. ಸಾಹಿತ್ಯ ಎಂದರೆ ನನ್ನ ಪಾಲಿಗೆ ಶರಣವ್ವನ ಗಂಟಲು, ಅಷ್ಟೇ.

ಹಾಗೆ ಕೂತಲ್ಲೇ ನಾನು ಎಲ್ಲ ಜಾತಿಯ ಪುಸ್ತಕ ದಾಟಿ ಬಂದೆ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಮಾಡಿದವನು ಯಾರೆಂದು ನಾನು ಮೆಣಸಿನಕಾಯಿ ಬುಟ್ಟಿ ಅರ್ಧ ಮುಗಿಯುವುದರೊಳಗೆ ಹೇಳುತ್ತಿದ್ದೆ. ಮನೆಗೆ ಬಂದವರಿಗೆಲ್ಲ ನಕ್ಕು ನಕ್ಕು ಚಹಾ ಕೊಡುವವನನ್ನು ಹಿಡಿದರೆ ಆಯಿತು. ದೆವ್ವದ ಕಥೆಗಳು ನನಗೆ ಹಿಡಿಸಲಿಲ್ಲ. ಬದುಕಿದ್ದಾಗ ದುಡಿಯದವರೇ ಸತ್ತ ಮೇಲೆ ಹಾಗೆ ಅಲೆಯುತ್ತಾರೆಂದು ನನ್ನ ಗುಮಾನಿ. ದೊಡ್ಡವರ ಆತ್ಮಕಥೆಗಳಲ್ಲಿ ಎಲ್ಲರೂ ಬಡತನದಲ್ಲಿ ಹುಟ್ಟಿ ನದಿ ಈಜಿ ಶಾಲೆಗೆ ಹೋಗುತ್ತಾರೆ, ಹೆಂಡತಿಯ ಪಾಲಿಗೆ ಒಂದು ಪುಟ ಬರುತ್ತದೆ, ಅದರಲ್ಲೂ ಅವಳ ತಾಳ್ಮೆಯೊಂದೇ. ಆರೋಗ್ಯದ ಪುಸ್ತಕ ಓದಿಸಿದ ದಿನ ಗೊತ್ತಾಯಿತು, ನಾನು ಮಾರುವುದೆಲ್ಲ ವಿಷ ಎಂದು. ಅದನ್ನು ಗಿರಾಕಿಗಳು ಬರುವ ಮುಂಚೆ ಮುಚ್ಚಿಡು ಎಂದೆ. ಇತಿಹಾಸದಲ್ಲಿ ನಮ್ಮ ರಾಯಚೂರು ಕೋಟೆಗಾಗಿ ರಾಜರು ಎಷ್ಟು ಸಲ ಬಡಿದಾಡಿದರು ಎಂಬುದಿತ್ತು. ಅಷ್ಟು ದೊಡ್ಡ ದಂಡಿಗೆ ರೊಟ್ಟಿ ಬಡಿದವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಜೇನು ಸಾಕುವ ಪುಸ್ತಕ ಮಾತ್ರ ಬಹಳ ರುಚಿಸಿತು. ಅದರಲ್ಲಿ ರಾಣಿಜೇನಿಗೂ ಅದರ ಅತ್ತೆಗೂ ದೊಡ್ಡ ಜಗಳ ಆಗಿ, ಅತ್ತೆ ಬೇರೆ ಗೂಡು ಮಾಡುತ್ತಾಳೆ. ಆಗಲೇ ನಾನು ಅನುಮಾನಪಡಬೇಕಿತ್ತು.

ಎಲ್ಲಕ್ಕಿಂತ ನಾನು ಹಚ್ಚಿಕೊಂಡದ್ದು ಒಂದು ಕಾದಂಬರಿ. ಅದರಲ್ಲೊಬ್ಬ ಬಂಗಾರದ ಕೆಲಸದ ಪತ್ತಾರ ಇದ್ದ. ಹೆಂಡತಿಗೆ ಒಂದು ಮಾತೂ ಹೇಳದೆ ಮಳೆಯಲ್ಲಿ ರೈಲು ಹತ್ತಿ ಹೋಗುತ್ತಾನೆ. ಎಷ್ಟೋ ಕಾಲದ ಮೇಲೆ ತಿರುಗಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀರು ಕೊಡು ಎನ್ನುತ್ತಾನೆ. ಅವಳು ಕೊಡುತ್ತಾಳೆ. "ಕೊಡಬಾರದಿತ್ತು, ಮಾರಿಗೆ ಉಗ್ಗಬೇಕಿತ್ತು" ಎಂದು ನಾನು ಬೈದೆ. ಬೈದೆನೇ ಹೊರತು, ಮರುದಿನ ಆ ಭಾಗವನ್ನು ಇನ್ನೊಮ್ಮೆ ಓದಿಸಿದೆ.

ಆಮೇಲೆ ಶರಣವ್ವನ ಮಗಳಿಗೆ ಮಾನ್ವಿಯಲ್ಲಿ ಶಾಲೆಯ ನೌಕರಿ ಆಯಿತು, ಕೂಸೂ ಆಯಿತು. ಕೂಸು ನೋಡಿಕೊಳ್ಳಲು ಶರಣವ್ವ ಹೋದಳು. ಎರಡು ಸೀರೆ ಗಂಟು, ಒಂದು ಟ್ರಂಕು. ಬಸ್ಸು ಹತ್ತುವಾಗ ನಾನು ಅಳಲಿಲ್ಲ, ಅವಳೂ ಅಳಲಿಲ್ಲ. "ಮೆಣಸಿನಕಾಯಿ ಕೈಲೆ ಕಣ್ಣು ತಿಕ್ಕೋಬ್ಯಾಡ" ಅಂದಳು, ಅಷ್ಟೇ. ನಾನು ಅಂಗಡಿಗೆ ಬಂದು ಬೆಂಚು ತೊಳೆದೆ. ಮಧ್ಯಾಹ್ನವೆಂಬುದು ಇಷ್ಟು ಉದ್ದ ಇರುತ್ತದೆಂದು ನನಗೆ ಆಗಲೇ ತಿಳಿದದ್ದು.

ಬಾಣಲೆಯನ್ನು ಸೊಸೆಯ ಕೈಗೆ ಕೊಟ್ಟು, ಈ ವರ್ಷ ರಾಯಚೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಮಗ ತೀನ್ ಕಂದೀಲ್ ಪೇಟೆಯ ಕಡೆಯಿಂದ ಕರೆದುಕೊಂಡು ಹೊರಟ. ನಾನು ಹೆಜ್ಜೆಗೊಂದು ಬೋರ್ಡು ಓದುತ್ತ ನಿಂತೆ. ಅಕ್ಷರಗಳು ತೊಳೆದಿಟ್ಟ ಸ್ಟೀಲು ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು.

"ಅವ್ವಾ, ಅದು ಬನಿಯನ್ ಅಂಗಡಿ. ಅದರಾಗ ಓದಾಕ ಏನದ?" ಎಂದ ಮಗ.

"ನಿಂಗ ಕಾಣ್ತದ, ಅದಕ್ಕ ಬೆಲಿ ಇಲ್ಲ. ಸುಮ್ನ ನಿಂದ್ರು" ಎಂದೆ.

ಊರಿಗೆ ಬಂದವಳು ನೇರ ಗ್ರಂಥಾಲಯಕ್ಕೆ ಹೋದೆ. ಅಲ್ಲಿರುವ ಹುಡುಗಿ ಒಳ್ಳೆಯವಳು, ಪುಸ್ತಕ ಮುಟ್ಟಿದರೆ ಗದರುವುದಿಲ್ಲ. ಪತ್ತಾರನ ಕಾದಂಬರಿ ಹುಡುಕಿಸಿಕೊಂಡೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವವಳಿಗೆ ಒಂದು ಪುಟವೆಂದರೆ ಒಂದು ಗುಡ್ಡ. ಆದರೂ ಏರಿದೆ. ಪತ್ತಾರ ರೈಲು ಹತ್ತಿದ. ಮುಂದೆ ಹೆಂಡತಿ ಮನೆ ಸಾರಿಸಿದಳು, ಮಗಳ ಮದುವೆ ಮಾಡಿದಳು, ಮುದುಕಿಯಾದಳು. ಕಾದಂಬರಿ ಮುಗಿದೇ ಹೋಯಿತು. ಪತ್ತಾರ ಬರಲೇ ಇಲ್ಲ.

ಹುಡುಗಿಯ ಹತ್ತಿರ ಹೋಗಿ, "ಇದರಾಗ ಹಾಳಿ ಕಿತ್ತಾರ ನೋಡವ್ವಾ, ಅಂವ ತಿರುಗಿ ಬರೋದು ಇಲ್ಲ" ಎಂದೆ. ಅವಳು ಹಿಂದೆ ಮುಂದೆ ತಿರುವಿ, "ಎಲ್ಲಾ ಪುಟ ಅದಾವಜ್ಜಿ. ಅಂವ ಬರೋದಿಲ್ಲ" ಎಂದಳು. ಅಂಗಡಿ ಮುಚ್ಚಿದೆ ಎಂದು ಹೇಳುವ ಹಾಗೆ ಹೇಳಿದಳು.

ಅಂದೇ ಮಾನ್ವಿಗೆ ಫೋನು ಹಚ್ಚಿದೆ.

"ಶರಣವ್ವಾ, ಆ ಪತ್ತಾರ ತಿರುಗಿ ಬರೋದೇ ಇಲ್ಲಲ್ಲಬೇ!"

"ಯಾವ ಪತ್ತಾರ? ಹಾಲು ಕಾಸಾಕತ್ತೀನಿ, ಲಗೂನ ಹೇಳು."

"ಅದಽ, ಬಾಗಲದಾಗ ಚಪ್ಲಿ ಬಿಟ್ಟು ನೀರು ಕೇಳಿದ್ನಲ್ಲ, ಅಂವ."

ಅವಳು ಸ್ಟೋವು ಆರಿಸಿದ್ದು ಕೇಳಿಸಿತು.

"ಪುಸ್ತಕದಾಗ ಬರಲಿಲ್ಲ. ಅದಕ್ಕ ನಾನಽ ಕರ್ಕೊಂಡು ಬಂದೆ" ಎಂದಳು.

"ಯಾರನ್ನ ಕೇಳಿ ಕರ್ಕೊಂಡು ಬಂದಿ?"

"ನಿನ್ನ ಮಾರಿ ನೋಡಿ ಕರ್ಕೊಂಡು ಬಂದೆ. ಅಂವ ರೈಲು ಹತ್ತಿದಾಗ ನೀ ಮೆಣಸಿನಕಾಯಿ ಸೀಳೋದು ನಿಲ್ಲಿಸಿದ್ದಿ. ಹಂಗ ಕೈ ನಿಲ್ಲಿಸಾಕಿ ಅಲ್ಲ ನೀನು."

"ನನ್ನ ಗಂಡಗೂ ಆ ಪತ್ತಾರಗೂ ಏನ ಸಂಬಂಧಬೇ?"

"ನಾ ಎಲ್ಲಿ ನಿನ್ನ ಗಂಡನ ಮಾತು ತಗದೀನಿ ನಿಂಗವ್ವಾ? ನೀನಽ ತಗದಿ."

ನಾನು ಫೋನು ಇಟ್ಟುಬಿಟ್ಟೆ. ಇನ್ನು ಮಾಡಬೇಡ ಎಂದು ಹೇಳಿಯೇ ಇಟ್ಟೆ. ಅವಳೂ ಹಟದವಳು, ಮಾಡಲಿಲ್ಲ.

ಸಿಟ್ಟಿಗೆ ಎಲ್ಲ ಪುಸ್ತಕಗಳನ್ನೂ ಇನ್ನೊಮ್ಮೆ ತಂದು ನಾನೇ ತನಿಖೆಗೆ ಕೂತೆ. ಜೇನಿಗೆ ಅತ್ತೆ ಇಲ್ಲವೇ ಇಲ್ಲ. ಪ್ರವಾಸದ ಪುಸ್ತಕ ಬರೆದವನು ಹಿಮದ ಊರಿನಲ್ಲಿ ಹೆಂಡತಿಯನ್ನು ನೆನೆದು ಅತ್ತದ್ದು ಸುಳ್ಳು, ಅವನಿಗೆ ನೆನಪಾದದ್ದು ಉಪ್ಪಿನಕಾಯಿ. ಊರು ಬಿಟ್ಟು ಹೋದವರು, ಸಂತೆಯಲ್ಲಿ ಕಳೆದುಹೋದವರು, ಜೈಲಿಗೆ ಹೋದವರು, ಶರಣವ್ವನ ಬಾಯಲ್ಲಿ ಎಲ್ಲರೂ ಮನೆ ಮುಟ್ಟಿದ್ದರು. ಅಚ್ಚಿನಲ್ಲಿ ಹೆಚ್ಚಿನವರು ದಾರಿಯಲ್ಲೇ ಉಳಿದಿದ್ದಾರೆ. ಪುಸ್ತಕ ಬರೆಯುವವರಿಗೆ ಜನರನ್ನು ಮನೆಯಿಂದ ಹೊರಡಿಸುವುದು ಗೊತ್ತಿದ್ದಷ್ಟು ಚೆನ್ನಾಗಿ ಮನೆಗೆ ಮುಟ್ಟಿಸುವುದು ಗೊತ್ತಿಲ್ಲ ಎಂದು ನನ್ನ ತೀರ್ಪು. ನನ್ನ ತೀರ್ಪನ್ನು ಕೇಳಿದವರು ಯಾರೂ ಇಲ್ಲ, ಅದು ಬೇರೆ ಮಾತು.

ಗ್ರಂಥಾಲಯದಲ್ಲಿ ಒಂದು ಗೋಡೆಗೆ ಕಾದಂಬರಿ, ಎದುರಿನ ಗೋಡೆಗೆ ಉಳಿದದ್ದೆಲ್ಲ ಇದೆ. ಈ ಕಡೆಯದು ಕಥೆ ಕಟ್ಟಿದ್ದು, ಆ ಕಡೆಯದು ನಡೆದದ್ದು ಎಂದು ಹುಡುಗಿ ಹೇಳಿಕೊಟ್ಟಳು. ನನಗೆ ಇನ್ನೂ ಸರಿಯಾಗಿ ಇತ್ಯರ್ಥವಾಗಿಲ್ಲ. ನಡೆದದ್ದು ಎಂದು ಬರೆದಿರುವ ಎಷ್ಟೋ ದೊಡ್ಡ ಮನುಷ್ಯರನ್ನು ನಾನು ನಂಬುವುದಿಲ್ಲ. ಆ ಪತ್ತಾರನ ಹೆಂಡತಿ ಮಾತ್ರ ಮನೆ ಸಾರಿಸುವುದನ್ನು ಓದುವಾಗ ಸಗಣಿಯ ವಾಸನೆ ಬಂತು. ಶರಣವ್ವ ಓದಿದ್ದನ್ನು ಯಾವ ಗೋಡೆಗೆ ಇಡುವುದು?

ನಿಜ ಹೇಳುತ್ತೇನೆ. ಈಗ ನಾನು ಓದುವುದೆಲ್ಲ ಸರಿಯಾಗಿದೆ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಆದರೆ ಪುಸ್ತಕ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಕೊಲೆಗಾರ ಯಾರೆಂದು ಹೇಳಿದರೆ "ನಡಕ ಬಾಯಿ ಹಾಕಬ್ಯಾಡ, ಸುಮ್ನ ಕೇಳು" ಎಂದು ಗದರಿಸುವುದಿಲ್ಲ. ಗಿರಾಕಿ ಬಂದಾಗ ಬೆರಳನ್ನು ಸಾಲಿನ ಮೇಲಿಟ್ಟು ಕಾಯುವುದಿಲ್ಲ. ಒಂದೊಂದು ಸಲ ತಲೆ ಎತ್ತಿ "ಮುಂದೇನಾತು?" ಎಂದುಬಿಡುತ್ತೇನೆ. ಸೊಸೆ ಬಾಣಲೆಯ ಕಡೆಯಿಂದ ತಿರುಗಿ ನೋಡುತ್ತಾಳೆ. ಗಂಡ ಹೋದಾಗ ಹೀಗೆ ಯಾರನ್ನೂ ಕೇಳಿದ್ದು ನೆನಪಿಲ್ಲ. ಆ ಶರಣವ್ವನ ಸುಳ್ಳು ಗಂಟಲು ಇಲ್ಲದೆ ಮಾತ್ರ ನನಗೆ ಮಧ್ಯಾಹ್ನ ಕಳೆಯುವುದಿಲ್ಲ. ಆ ಮಧ್ಯಾಹ್ನಗಳು ತಿರುಗಿ ಬರಬೇಕಿತ್ತು, ಫೋನು ಇಟ್ಟವಳು ನಾನೇ.

ಮೊನ್ನೆ ಪುಸ್ತಕ ಹಿಂದಿರುಗಿಸಲು ಹೋದಾಗ ಆ ಹುಡುಗಿ ಕೇಳಿದಳು: "ಅಜ್ಜಿ, ಶರಣಮ್ಮೋರಿಗೆ ಏನ್ ಓದೋದು ಇಷ್ಟ ಇತ್ತು? ಯಾವಾಗ ಬಂದ್ರೂ 'ನಮ್ಮ ನಿಂಗವ್ವಗ ಸೇರೂವಂಥಾದ್ದು ಕೊಡ್ರಿ' ಅಂತಿದ್ರು. ತಮಗಂತ ಒಂದೂ ಒಯ್ಯಲಿಲ್ಲ."

ಗೊತ್ತಿದ್ದರೆ ತಾನೆ ಹೇಳುವುದು? ಶರಣವ್ವನ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಗೊತ್ತು, ಯಾವ ಮೊಣಕಾಲು ನೋಯುತ್ತದೆಂದು ಗೊತ್ತು, ಯಾವ ನಾದಿನಿಯೊಂದಿಗೆ ಮಾತಿಲ್ಲ ಎಂದು ಗೊತ್ತು. ಅಷ್ಟು ಪುಸ್ತಕ ಓದಿದವಳಿಗೆ ಯಾವ ಪುಸ್ತಕ ಇಷ್ಟವೆಂದು ಮಾತ್ರ ನನಗೆ ಗೊತ್ತಿಲ್ಲ. ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಫೋನು ಮಾಡಿದೆ. ಕ್ಷಮೆ ಗಿಮೆ ನನಗೆ ಬರುವುದಿಲ್ಲ.

"ನಿಂಗ ಯಾವ ಪುಸ್ತಕ ಬೇಕಬೇ?"

"ಯಾಕ, ಮತ್ತ್ಯಾರರ ತಿರುಗಿ ಬರಲಿಲ್ಲೇನು?" ಎಂದಳು ಶರಣವ್ವ. ಚುಚ್ಚುವುದರಲ್ಲಿ ಏನೂ ಕಡಿಮೆ ಆಗಿರಲಿಲ್ಲ.

"ಚಾಷ್ಟಿ ಬ್ಯಾಡ. ಹೇಳು."

"ಪುಸ್ತಕ ತಗೊಂಡು ಏನ್ ಮಾಡ್ಲಿ? ನಂಗೂ ಪೊರಿ ಬಂದಾವ. ಸಕ್ಕರಿ ಇಳಿಯೂತನ ಆಪರೇಷನ್ ಮಾಡಂಗಿಲ್ಲ ಅಂತಾರ. ಮಗಳು ಸಾಲಿಗೆ ಹೋಗ್ತಾಳ, ಕೂಸು ಮಲಕೋತದ, ನಾ ಗ್ವಾಡಿ ನೋಡ್ಕೋತ ಕುಂದರ್ತೀನಿ."

"ಓದಾಕಿ ನಾನು. ನೀ ಕೇಳು ಸಾಕು. ಏನ್ ತರ್ಲಿ?"

ಆ ಕಡೆ ಅವಳು ಕೂಸಿನ ತೊಟ್ಟಿಲು ತೂಗಿದ್ದು ಕೇಳಿಸಿತು.

"ಸಮುದ್ರದ್ದು ತಾ" ಎಂದಳು ಕಡೆಗೆ. ಕೃಷ್ಣಾ ನದಿ ಬಿಟ್ಟರೆ ತುಂಗಭದ್ರೆ, ಅದಕ್ಕಿಂತ ದೊಡ್ಡ ನೀರು ಕಂಡವಳಲ್ಲ ಅವಳು. "ಆದ್ರ ಅದರಾಗ ಮಂದಿ ಇರಬಾರದು ನೋಡು. ಹೋಗೋರು, ಬರೋರು, ಅಳೋರು, ಒಬ್ಬರೂ ಬ್ಯಾಡ. ನಿನ್ನ ಸಲವಾಗಿ ಮಂದೀನ ಕರ್ಕೊಂಡು ಬಂದು ಬಂದು ಸಾಕಾಗ್ಯದ ನಂಗ. ಬರೇ ನೀರು ಇರ್ಲಿ."

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಹುಡುಗಿ ಬಂದವಳು ನಡೆದದ್ದರ ಗೋಡೆಯೆಲ್ಲ ಹುಡುಕಿ, ಅಲೆ, ಉಪ್ಪು, ಮೀನು ಎಲ್ಲ ಇರುವ ಒಂದು ದಪ್ಪ ಪುಸ್ತಕ ಕೊಟ್ಟಳು. ಅಂಗಡಿಗೆ ಬಂದು ಬಿಸಿ ಮಿರ್ಚಿ ಕಟ್ಟಿಸಿಕೊಂಡೆ. "ಅತ್ತೀ, ಸಮುದ್ರ ನೋಡಾಕ ಮಾನ್ವಿಗೆ ಹೊಂಟೀರೇನು?" ಎಂದು ಸೊಸೆ ನಕ್ಕಳು. ಮಾನ್ವಿ ಬಸ್ಸು ಹತ್ತಿ, ಬಿಟ್ಟಿ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸಿ, ಕಿಟಕಿಯ ಪಕ್ಕ ಕೂತು, ಪುಸ್ತಕ ತೆರೆದೆ. ಮೊದಲನೇ ಪುಟದಲ್ಲೇ ಒಬ್ಬ ಮೀನುಗಾರ ಬಲೆ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಬಸ್ಸು ಸಿರವಾರ ದಾಟುವುದರೊಳಗೆ ಅವನನ್ನು ಮನೆಗೆ ಕಳಿಸಿಬಿಟ್ಟೆ. ಉಳಿದದ್ದು ಬರೀ ನೀರು.