ಬೆಚ್ಚಿದವರ ಮನೆ

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಮೂಗು ಅವಳಪ್ಪನದು, ಗುಂಗುರು ಕೂದಲು ನನ್ನದು. ನನ್ನಿಂದ ಇನ್ನೇನು ಹೋಗಿದೆ ಎಂದು ಹುಡುಕುವುದೇ ನನಗೊಂದು ಕೆಲಸವಾಗಿಬಿಟ್ಟಿದೆ.

ನನ್ನ ತವರು ಹನಗೋಡಿನ ಆಚೆ, ಕಾಡಂಚಿನ ಹಳ್ಳಿ. ನಾನು ಹುಟ್ಟುವ ಮೊದಲು, ಅಮ್ಮ ಮತ್ತು ಅವಳ ತಂಗಿ, ನನ್ನ ಚಿಕ್ಕಮ್ಮ, ಹೊಲದಿಂದ ಬರುವಾಗ ಒಂಟಿ ಸಲಗವೊಂದು ಅಟ್ಟಿಸಿಕೊಂಡು ಬಂದಿತ್ತು. ಇಬ್ಬರೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡು ಉಳಿದರು. ಚಿಕ್ಕಮ್ಮ ಅದನ್ನು ಇವತ್ತಿಗೂ ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಾಳೆ.

"ನಿಮ್ಮವ್ವ ಓಡಿದ್ ಓಟಕ್ಕೆ ಆನೆನೇ ಸುಸ್ತಾಗೋಯ್ತು ಕಣೆ!"

ಅಮ್ಮ ನಗುವುದಿಲ್ಲ. ಅವಳು ಆ ಬ್ಯಾರನ್ನಿನಿಂದ ಇನ್ನೂ ಹೊರಗೆ ಬಂದಿಲ್ಲ. ಪಾತ್ರೆ ಬಿದ್ದರೆ ಎದೆ ಹಿಡಿದುಕೊಳ್ಳುತ್ತಾಳೆ, ಸಂತೆಗೆ ಒಬ್ಬಳೇ ಹೋಗುವುದಿಲ್ಲ. ಊರಿನವರು ಗಾಳಿ ಸೋಕಿದೆ ಎಂದರು. ಅಮ್ಮನ ತಾಯಿ, ನನ್ನ ಅಜ್ಜಿಯೂ ಹೀಗೇ ಇದ್ದಳಂತೆ. ಅವಳನ್ನು ಯಾವ ಆನೆಯೂ ಅಟ್ಟಿರಲಿಲ್ಲ. ಎರಡು ಹಸುಗೂಸುಗಳನ್ನು ಮಣ್ಣು ಮಾಡಿದ್ದಳು.

ನನ್ನ ಸರದಿ ಬಂದದ್ದು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ. ಅಪ್ಪ ತೀರಿಕೊಂಡ ಮೇಲೆ ಒಂದು ಬೆಳಗ್ಗೆ, ಬಿಳಿಕೆರೆ ದಾಟುತ್ತಿದ್ದ ಬಸ್ಸಿನಲ್ಲಿ, ಏನೂ ಆಗದೆಯೇ ನಾನು ಸಾಯುತ್ತಿದ್ದೇನೆ ಎಂದು ಖಚಿತವಾಯಿತು. ಕೈ ಮರಗಟ್ಟಿತು. ಸಾಯಲಿಲ್ಲ. ಆದರೆ ಅದು ಮತ್ತೆ ಮತ್ತೆ ಬಂತು.

ವೈದ್ಯೆ ಮನೆತನದ ಬಗ್ಗೆ ಕೇಳಿ, ನಿಧಾನವಾಗಿ ವಿವರಿಸಿದರು. ಇದಕ್ಕೆ ಒಂದೇ ಜೀನ್ ಅಂತ ಇಲ್ಲ, ಸಣ್ಣಸಣ್ಣವು ಎಷ್ಟೋ ಸೇರಿ ಕೆಲವರನ್ನು ಬೇಗ ಬೆಚ್ಚುವವರನ್ನಾಗಿ ಮಾಡುತ್ತವೆ. ಅಷ್ಟರಿಂದಲೇ ಕಾಯಿಲೆ ಬರಬೇಕೆಂದಿಲ್ಲ. ಬದುಕಿನ ಪೆಟ್ಟುಗಳು ಅದರೊಂದಿಗೆ ಕೂಡಬೇಕು. ಒಂದೇ ಪೆಟ್ಟು ಅಕ್ಕನನ್ನು ಕೆಡವಬಹುದು, ತಂಗಿಯನ್ನು ಬಿಡಬಹುದು.

ಆ ಮಾತಿನಲ್ಲಿ ನನಗೊಂದು ಬಾಗಿಲು ಕಂಡಿತ್ತು. ಮಗಳು ಹುಟ್ಟಿದಾಗ ಅಂದುಕೊಂಡೆ: ರಕ್ತದಲ್ಲಿ ಹೋದದ್ದು ಹೋಯಿತು, ಪೆಟ್ಟು ಮಾತ್ರ ಬೀಳದಂತೆ ಕಾಯುತ್ತೇನೆ. ಇವಳೊಬ್ಬಳು ತಪ್ಪಿಸಿಕೊಳ್ಳಲಿ.

ಕಳೆದ ವರ್ಷ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅವಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಸಂಜೆ ಆನೆಗಳು ಹೊಲಕ್ಕೆ ಇಳಿದವು. ಗಂಡಸರು ತಗಡು ಬಡಿದರು, ಪಟಾಕಿ ಹೊಡೆದರು. ಮಗಳು ಜಗಲಿಯ ಮೇಲೆ ಕುಣಿಯುತ್ತ, "ಇನ್ನೊಂದು! ಇನ್ನೊಂದು!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಅದನ್ನು ನಾನು ನೋಡಿದೆ. ಅವಳಿಗೆ ಭಯವಿರಲಿಲ್ಲ. ಆದರೂ ನನ್ನ ಕೈ ಅವಳನ್ನು ಎತ್ತಿಕೊಂಡಿತು. ನನಗೆ ಅರಿವು ಬಂದಾಗ ನಾವಿಬ್ಬರೂ ಒಳಕೋಣೆಯ ಮೂಲೆಯಲ್ಲಿದ್ದೆವು. ನಾನು ಅವಳ ಕಿವಿ ಮುಚ್ಚಿ ಹಿಡಿದಿದ್ದೆ, ಅವಳು ಚೀರುತ್ತಿದ್ದಳು. ಪಕ್ಕದಲ್ಲಿ ಅಮ್ಮ ಮುದುಡಿ ಕುಳಿತಿದ್ದಳು.

ಬೆಳಗ್ಗೆ ಚಿಕ್ಕಮ್ಮ ಬ್ಯಾರನ್ನಿನ ಒಲೆಯಲ್ಲಿ ಕುಡುಗೋಲು ಕೆಂಪಗೆ ಕಾಯಿಸಿ ತಂದಳು. ಬೆಚ್ಚಿದವರಿಗೆ ನಮ್ಮಲ್ಲಿ ಅದೇ ಮದ್ದು. ಚೊಂಬಿನ ನೀರಿಗೆ ಅದ್ದಿದಾಗ ಚುಂಯ್ ಎಂದಿತು.

"ಕೂಸು ಬೆಚ್ಚೈತೆ ಕಣವ್ವ, ಒಂದ್ ಗುಟುಕು ಕುಡುಸು."

"ಅದೆಲ್ಲ ಬೇಡ ಚಿಕ್ಕಮ್ಮ."

"ಓದಿರೋಳು ನೀನು, ಬುಡು. ಓದಿ ಏನ್ ಮಾಡ್ದೆ, ಕೋಣೇಲಿ ಅವಿತ್ಕೊಂಡೆ. ಮೊದ್ಲು ನಿಮ್ಮವ್ವ ಕುಡೀಲಿ, ಆಮೇಲ್ ನೀನು. ಮೂರ್ ಜನಕ್ಕೂ ಒಂದೇ ಚೊಂಬು ಸಾಕು."

ಕುಡಿದೆವು. ಕಬ್ಬಿಣದ ರುಚಿ. ಮಗಳು ನಮ್ಮಿಬ್ಬರನ್ನು ನೋಡಿ, ಎರಡೂ ಕೈಯಲ್ಲಿ ಚೊಂಬು ಹಿಡಿದು ಕುಡಿದಳು.

ಅವಳನ್ನು ಪೆಟ್ಟಿನಿಂದ ಕಾಯಬೇಕೆಂದಿದ್ದೆ. ಅವಳ ಪಾಲಿನ ಪೆಟ್ಟು ಆನೆಯಲ್ಲ, ಸಾವಲ್ಲ. ವಂಶವಾಗಿಯೂ ವಾತಾವರಣವಾಗಿಯೂ ಅವಳಿಗೆ ಸಿಕ್ಕಿರುವವಳು ನಾನೇ. ಮಾತ್ರೆ ತಪ್ಪದೆ ನುಂಗುತ್ತೇನೆ, ಉಸಿರಾಟದ ಅಭ್ಯಾಸ ಮಾಡುತ್ತೇನೆ. ಎಷ್ಟೋ ದಿನ ಚೆನ್ನಾಗಿಯೇ ಇರುತ್ತೇನೆ. ಆದರೆ ಮಕ್ಕಳು ಚೆನ್ನಾಗಿರುವ ದಿನಗಳಿಂದ ಮಾತ್ರ ಕಲಿಯುವುದಿಲ್ಲವಲ್ಲ.

ಮೊನ್ನೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಒಂದು ಟೈರು ಸಿಡಿಯಿತು. ಎಲ್ಲರೂ ಒಂದು ಕ್ಷಣ ಬೆಚ್ಚಿ, ನಂತರ ನಕ್ಕರು. ಪಕ್ಕದಲ್ಲಿದ್ದ ಮಕ್ಕಳು ಏನಾಯಿತೆಂದು ನೋಡಲು ಓಡಿದರು. ನನ್ನ ಮಗಳು ಓಡಲಿಲ್ಲ. ಶಬ್ದ ಬಂದ ಕಡೆ ತಿರುಗಲೂ ಇಲ್ಲ. ನನ್ನ ಕಡೆ ತಲೆ ಎತ್ತಿ ಕೇಳಿದಳು:

"ಅಮ್ಮ, ಈಗ ಹೆದರ್ಕೋಬೇಕಾ?"

"ಇಲ್ಲ" ಎಂದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ನಂತರ, ನಾನು ಹೇಳಿಕೊಡದೆಯೇ, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.