ಸಕ್ಕರೆ ಇಲ್ಲದ ಮನೆ

ಗರಗರ ಗರಗರ, ನಡುವೆ ಕಲ್ಲು ಸಿಕ್ಕಿದರೆ ಒಂದು ಕಟಕ್. ತೊಂಬತ್ತರ ದಶಕದ ಕೊಯ್ಲಿನ ದಿನಗಳಲ್ಲಿ, ಆಲ್ದೂರಿನ ಆಚೆಯ ನಮ್ಮ ತೋಟದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹೀಗೆ ಸದ್ದು ಮಾಡುತ್ತಿತ್ತು. ನಮ್ಮ ಯಜಮಾನರ ಕಾಯಿಲೆ ನೆನೆದರೆ ಮೊದಲು ಅದೇ ಕೇಳಿಸುತ್ತದೆ.

ಡಯಾಬಿಟಿಸ್ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದ ದಿನವೇ ಇವರು ಮನೆಯ ಸಕ್ಕರೆ, ಬೆಲ್ಲ, ಜೇನು ಎಲ್ಲವನ್ನೂ ಕೂಲಿಯಾಳುಗಳ ಲೈನ್ ಮನೆಗಳಿಗೆ ಕಳಿಸಿಬಿಟ್ಟರು. ಹಾಫ್ ಮೆಷರ್ಸ್ ಗೊತ್ತಿಲ್ಲದ ಮನುಷ್ಯ. ಆದರೆ ಅಕ್ಕಿ ಕಡುಬು ಮಾತ್ರ ತಟ್ಟೆ ತುಂಬ ಬೇಕು. ಅದು ಸಿಹಿಯಲ್ಲವಲ್ಲ ಎನ್ನುವುದು ಇವರ ವಾದ. ಕಾನ್ವೆಂಟಿನಲ್ಲಿ ಸಿಸ್ಟರ್ ಅನ್ನದ ಮೇಲೆ ಅಯೋಡಿನ್ ಹನಿಸಿ ನೀಲಿಯಾಗಿಸಿ ತೋರಿಸಿದ್ದನ್ನು ಹೇಳಿದೆ. ಅಕ್ಕಿಯ ಸ್ಟಾರ್ಚ್ ಅಂದರೆ ಗ್ಲೂಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ, ಹೊಟ್ಟೆಗೆ ಹೋದಮೇಲೆ ಒಂದೊಂದೇ ಮಣಿ ಬಿಚ್ಚಿಕೊಳ್ಳುತ್ತದೆ ಎಂದೆ. ಅದೇ ಮಣಿಯನ್ನು ಬೇರೆ ರೀತಿ ಪೋಣಿಸಿದರೆ ಕಾಫಿ ಗಿಡದ ಕಾಂಡ, ಅದನ್ನು ನಮ್ಮ ಹೊಟ್ಟೆ ಬಿಚ್ಚಲಾರದು ಎಂದೂ ಹೇಳಿದೆ.

"ಹಾಗಾದ್ರೆ ನಾಳೆಯಿಂದ ಕಾಂಡಾನೇ ಬೇಯಿಸಿ ಹಾಕು ಮಾರಾಯ್ತಿ" ಎಂದು ಇನ್ನೊಂದು ಕಡುಬಿಗೆ ಕೈ ಹಾಕಿದರು.

ಇನ್ಸುಲಿನ್ ಶುರುವಾಯಿತು. ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು, ರಕ್ತದ ಸಕ್ಕರೆ ಇಳಿದುಬಿಡುತ್ತದೆ ಎಂದಿದ್ದರು ಡಾಕ್ಟರು. ಆವತ್ತು ಚುಚ್ಚಿಕೊಂಡರು. ಅಷ್ಟರಲ್ಲಿ ಪಲ್ಪರ್ ಕೈಕೊಟ್ಟಿದೆ ಎಂದು ಕರೆ ಬಂತು. ಕೊಯ್ದ ಹಣ್ಣನ್ನು ಆ ದಿನವೇ ಪಲ್ಪ್ ಮಾಡಬೇಕು, ಇಲ್ಲವಾದರೆ ಹುಳಿತು ಸಿಪ್ಪೆ ಸುಲಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಕೆಡುತ್ತದೆ. ಊಟ ಕಾಯುತ್ತೆ, ಹಣ್ಣು ಕಾಯಲ್ಲ ಎಂದು ನಡೆದೇಬಿಟ್ಟರು.

ಬೆಳಗಿನ ಕಡುಬನ್ನು ಡಬ್ಬಿಗೆ ಹಾಕಿಕೊಂಡು ನಾನು ಹಿಂದೆಯೇ ಹೋಗಬೇಕಿತ್ತು. ಡಬ್ಬಿ ಹಿಡಿದು ಹೋಗುವಾಗ ತಡವಾಗಿತ್ತು. ಹಣ್ಣಿನ ರಾಶಿಗೆ ಒರಗಿ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಯಾರಮ್ಮ ನೀವು?"

ನನ್ನನ್ನು ಕೇಳಿದರು.

ಕಡುಬು ಮುರಿದು ಬಾಯಿಗಿಟ್ಟೆ. ಅಗಿದರು, ಅಗಿಯುತ್ತಲೇ ಇದ್ದರು. ಆ ಸರ ಬಿಚ್ಚುವಷ್ಟು ಹೊತ್ತು ನಮಗಿರಲಿಲ್ಲ. ಬೇಕಾಗಿದ್ದು ಬಿಡಿ ಮಣಿ, ಮನೆಯಲ್ಲಿ ಒಂದು ಚಮಚ ಸಕ್ಕರೆ ಇಲ್ಲ. ಬೆಲ್ಲ ತರಲು ತೋಟದ ಮೇಸ್ತ್ರಿಯನ್ನು ಲೈನಿಗೆ ಓಡಿಸಿದೆ. ಚಿಕ್ಕವಳಿದ್ದಾಗ ಕಾಫಿ ಹಣ್ಣು ಚೀಪುತ್ತಿದ್ದದ್ದು ನೆನಪಾಯಿತು. ರಾಶಿಯಿಂದ ಕೆಂಪಗಿದ್ದವನ್ನು ಆರಿಸಿ, ಹಿಸುಕಿ ಹಿಸುಕಿ, ಆ ಸಿಹಿ ಲೋಳೆಯನ್ನು ಅವರ ನಾಲಿಗೆಗೆ ಸವರಿದೆ. ನುಂಗಿದರು. ಮೇಸ್ತ್ರಿ ಬೆಲ್ಲದ ನೀರು ತಂದ. ಅದನ್ನೂ ಕುಡಿದರು. ಸ್ವಲ್ಪ ಹೊತ್ತಿಗೆ ಕಣ್ಣು ನನ್ನ ಮೇಲೆ ನಿಂತಿತು.

"ನಿನ್ನ ಕೈಯೆಲ್ಲ ಅಂಟಾಗಿದೆಯಲ್ಲೇ" ಎಂದರು.

ಹೈಪೋ, ಎಂದರು ಡಾಕ್ಟರು. ಮಿದುಳು ನಡೆಯುವುದೇ ಗ್ಲೂಕೋಸಿನ ಮೇಲೆ, ಅದು ತೀರಾ ಇಳಿದರೆ ಹೆಂಡತಿಯೂ ಅಪರಿಚಿತಳಂತೆ. ಯಾವುದನ್ನು ಶತ್ರುವೆಂದು ಮನೆಯಿಂದ ಹೊರಗಟ್ಟಿದ್ದೆವೋ ಅದರ ಒಂದಿಷ್ಟು ಇದ್ದರೆ ಮಾತ್ರ ಈ ಮನುಷ್ಯನಿಗೆ ನಾನು ಯಾರೆಂದು ಗೊತ್ತಿರುತ್ತದೆ ಎಂಬುದನ್ನು ನುಂಗಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಅಲ್ಲಿಂದ ಮುಂದೆ ಇವರ ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್. ಊಟ ಐದು ನಿಮಿಷ ತಡವಾದರೂ ನನ್ನ ಎದೆಯಲ್ಲಿ ಪಲ್ಪರ್ ಶುರುವಾಗುತ್ತಿತ್ತು.

ಹಾಗೂ ಹೀಗೂ ಕೆಲವು ವರ್ಷ ಸಿಕ್ಕಿತು. ಅದಕ್ಕೆ ನಾನು ಗ್ರೇಟ್‌ಫುಲ್. ಆಮೇಲೆ ಕಿಡ್ನಿ ಸೋತವು.

ಕೊನೆಯ ಸಲ ನೋಡಿದ್ದು ಐಸಿಯು ಬಾಗಿಲಲ್ಲಿ. ಸ್ಟ್ರೆಚರ್ ನಿಲ್ಲಿಸಿ ಎಂದು ಕೈ ಎತ್ತಿದರು. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಬೆಳಿಗ್ಗೆಯಿಂದ ನೀನೇನೂ ತಿಂದಿಲ್ಲ."